ಯಾರೂ ಕೇಳದ ನಿಯಮಗಳನ್ನು ಬಿಟ್ಟು, ಬೇಕಾದ ಅಭ್ಯಾಸ ಉಳಿಸಿಕೊಳ್ಳುವುದು ಹೇಗೆ?

ಬೆಳಿಗ್ಗೆ ಐದಕ್ಕೆ ಏಳಬೇಕು. ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿಯಬೇಕು. ಹತ್ತು ಸಾವಿರ ಹೆಜ್ಜೆ ಆಗಬೇಕು. ಮಲಗುವ ಮೊದಲು ಇಪ್ಪತ್ತು ಪುಟ ಓದಬೇಕು. ಇಷ್ಟೆಲ್ಲ ಮಾಡು ಅಂತ ಹೇಳಿದವರು ಯಾರು? ಅಮ್ಮ ಹೇಳಿಲ್ಲ, ಆಫೀಸಿನವರು ಹೇಳಿಲ್ಲ, ಡಾಕ್ಟರೂ ಹೇಳಿಲ್ಲ. ಎಲ್ಲೋ ಒಂದು ರೀಲ್ ನೋಡಿದ್ದು, ಯಾರದೋ ಸ್ಟೇಟಸ್ ಕಣ್ಣಿಗೆ ಬಿದ್ದಿದ್ದು, ಅಷ್ಟೇ. ಆದರೂ ರಾತ್ರಿ ಹನ್ನೊಂದಕ್ಕೆ ಮೊಬೈಲು 8,700 ಹೆಜ್ಜೆ ತೋರಿಸಿತು ಅಂತ ಸೋಫಾ ಸುತ್ತ ಗಿರಕಿ ಹೊಡೆಯುವವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ.

ಈ ಒತ್ತಡದ ಬಹುಪಾಲು ಯಾರೂ ಕೇಳದ ಲೆಕ್ಕವನ್ನು ನಾವೇ ಒಪ್ಪಿಸಲು ಹೋಗುವುದರಿಂದ ಬರುತ್ತದೆ. ಆ ಲೆಕ್ಕದಲ್ಲಿ ಯಾವುದು ನಿಜವಾಗಿ ಬೇಕು, ಯಾವುದು ಸುಮ್ನೆ ಹೊತ್ತುಕೊಂಡಿದ್ದು ಅಂತ ಬೇರ್ಪಡಿಸುವ ಕೆಲಸವನ್ನು ಒಂದು ಭಾನುವಾರ ಮಧ್ಯಾಹ್ನ ಮಾಡಿಬಿಡಬಹುದು. ಬೇಕಾಗಿರುವುದು ಒಂದು ಹಾಳೆ, ಒಂದು ಪೆನ್ನು. ಹೊಸ ಡೈರಿ ಕೊಳ್ಳಬೇಡಿ, ಅದೇ ಇನ್ನೊಂದು ಹೊರೆಯಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆ ಸಾಲದ ಕಂತು, ಮಕ್ಕಳ ಫೀಸು, ಬಿಪಿ ಮಾತ್ರೆ, ಡಾಕ್ಟರು ಹೇಳಿದ ಪಥ್ಯ, ಇವು ಈ ಹಾಳೆಗೆ ಬರುವುದಿಲ್ಲ. ಅವನ್ನು ಬಿಡುವ ಪ್ರಶ್ನೆಯೇ ಇಲ್ಲ. ಇಲ್ಲಿ ಮಾತಾಡುತ್ತಿರುವುದು ನಿಮಗೆ ನೀವೇ ಹಾಕಿಕೊಂಡ ನಿಯಮಗಳ ಬಗ್ಗೆ ಮಾತ್ರ.

ಹಂತ 1: ಎಲ್ಲ 'ಬೇಕು'ಗಳನ್ನೂ ಹಾಳೆಗೆ ಇಳಿಸಿ

ತಲೆಯಲ್ಲಿ ಇರುವಷ್ಟು ಹೊತ್ತು ಇವು ಎಷ್ಟಿವೆ ಅಂತಲೇ ಗೊತ್ತಾಗುವುದಿಲ್ಲ. ನೆನಪಿಗೆ ಬಂದಿದ್ದನ್ನು ಬರೆದ ಮೇಲೆ ಮನೆಯಲ್ಲಿ ಒಂದು ಸುತ್ತು ಹಾಕಿ. ಬೀರುವಿನ ಹಿಂದೆ ಸುತ್ತಿಟ್ಟ ಯೋಗ ಮ್ಯಾಟ್ ಒಂದು 'ಬೇಕು'. ಒಗೆದ ಬಟ್ಟೆ ಹರವಲು ಬಳಕೆಯಾಗುತ್ತಿರುವ ವ್ಯಾಯಾಮದ ಸೈಕಲ್ ಇನ್ನೊಂದು. ಅರ್ಧಕ್ಕೆ ಬುಕ್‌ಮಾರ್ಕ್ ಸಿಕ್ಕಿಸಿಟ್ಟ ಪುಸ್ತಕಗಳು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ವಾರದ ಅಡುಗೆ ಪಟ್ಟಿ, ಮೊಬೈಲಿನಲ್ಲಿ ದಿನಾ ಬಡಿದು ದಿನಾ ಆಫ್ ಆಗುವ ಅಲಾರಂಗಳು, ಎಲ್ಲವೂ ಲೆಕ್ಕಕ್ಕೆ ಬರಲಿ. 'ಛೇ, ಇವತ್ತೂ ಆಗಲಿಲ್ಲ' ಅಂತ ಅನ್ನಿಸುವ ಯಾವುದನ್ನೂ ಬಿಡಬೇಡಿ.

ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸದಲ್ಲಿರುವ ನನ್ನ ಗೆಳತಿ ಹೀಗೆ ಬರೆದಳು. ಅವಳ ಒಪ್ಪಿಗೆ ಪಡೆದೇ ಆ ಹಾಳೆಯನ್ನು ಇಲ್ಲಿ ಇಡುತ್ತಿದ್ದೇನೆ. ಐದಕ್ಕೆ ಏಳುವುದು. ಯೋಗ 40 ನಿಮಿಷ. ಹತ್ತು ಸಾವಿರ ಹೆಜ್ಜೆ, ಪೂರ್ತಿ ನಡೆದೇ ಮುಗಿಸಿದರೆ ಸುಮಾರು 100 ನಿಮಿಷ. ಓದು 30. ಮೊಬೈಲಿನಲ್ಲಿ ಜರ್ಮನ್ ಕಲಿಯುವುದು 20. ವೀಣೆ 30. ಡೈರಿ 10. ಸಾಗರದಲ್ಲಿರುವ ಅಮ್ಮನಿಗೆ ಫೋನು 20. ಜೊತೆಗೆ ದಿನಾ ಮೂರು ಲೀಟರ್ ನೀರು, ಸಕ್ಕರೆ ಬಂದ್, ರಾತ್ರಿ ಸಿಂಕ್‌ನಲ್ಲಿ ಒಂದು ಲೋಟವೂ ಇರಬಾರದು.

ಈಗ ನಿಮಿಷಗಳನ್ನು ಕೂಡಿ. ಈ ಕೂಡುವ ಕೆಲಸವನ್ನು ಯಾರೂ ಮಾಡುವುದಿಲ್ಲ, ಅಲ್ವಾ? ಅವಳದು 250 ನಿಮಿಷ, ಅಂದರೆ ನಾಲ್ಕು ಗಂಟೆ ಹತ್ತು ನಿಮಿಷ. ಓಡಾಟವೂ ಸೇರಿ ಬ್ಯಾಂಕಿಗೆ ಒಂಬತ್ತೂವರೆ ಗಂಟೆ. ಅಡುಗೆ, ಮನೆ ಕೆಲಸಕ್ಕೆ ಮೂರು. ನಿದ್ದೆಗೆ ಏಳು. ಒಟ್ಟು 23 ಗಂಟೆ 40 ನಿಮಿಷ. ಸ್ನಾನ, ಊಟ, ಮಗನ ಹೋಮ್‌ವರ್ಕ್, ಗಂಡನ ಜೊತೆ ಎರಡು ಮಾತು, ಎಲ್ಲವೂ ಉಳಿದ 20 ನಿಮಿಷದಲ್ಲಿ ಆಗಬೇಕು.

'ಅಯ್ಯೋ, ನಾನು ಇಷ್ಟು ದಿನ ನನ್ನನ್ನೇ ಸೋಮಾರಿ ಅಂದುಕೊಂಡಿದ್ದೆ ಕಣೇ' ಅಂದಳು.

ನಿಮ್ಮ ಹಾಳೆಯನ್ನೂ ಹೀಗೆ ಕೂಡಿ ನೋಡಿ. ಮೊತ್ತ 24 ದಾಟಿದರೆ ಆಶ್ಚರ್ಯ ಪಡಬೇಡಿ.

ಹಂತ 2: ಪ್ರತಿ ನಿಯಮದ ಊರು-ಕೇರಿ ವಿಚಾರಿಸಿ

ಪ್ರತಿ ಸಾಲಿನ ಎದುರು ಬರೆಯಿರಿ: ಇದನ್ನು ನನಗೆ ಹೇಳಿದವರು ಯಾರು? ಉತ್ತರ 'ಎಲ್ಲರೂ ಹೇಳುತ್ತಾರೆ' ಅಂತಿದ್ದರೆ ಅಲ್ಲೇ ಒಂದು ಪ್ರಶ್ನೆ ಚಿಹ್ನೆ ಹಾಕಿ. ನಾವು ವೇದವಾಕ್ಯ ಅಂದುಕೊಂಡ ಎಷ್ಟೋ ಸಂಖ್ಯೆಗಳ ಹುಟ್ಟು ನೋಡಿದರೆ ನಗು ಬರುತ್ತದೆ.

ಹತ್ತು ಸಾವಿರ ಹೆಜ್ಜೆಯನ್ನೇ ತೆಗೆದುಕೊಳ್ಳಿ. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ನಡೆಯಿತು. ಜಪಾನಿನಲ್ಲಿ ನಡಿಗೆ, ವ್ಯಾಯಾಮದ ಹುಮ್ಮಸ್ಸು ಎದ್ದಿತ್ತು. ಮರುವರ್ಷ, 1965ರಲ್ಲಿ, ಅಲ್ಲಿನ ಯಮಾಸ ಅನ್ನುವ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಯಂತ್ರದ ಹೆಸರಿನಲ್ಲೇ ಹತ್ತು ಸಾವಿರ ಇತ್ತು. ಮಾರಾಟಕ್ಕೆ ಚೆಂದ ಕಂಡ ಉರುಟು ಸಂಖ್ಯೆ ಅದು. ಈಗ ನಮ್ಮ ಮೊಬೈಲಿನಲ್ಲಿ ಕುಳಿತು ದಿನಾ ಲೆಕ್ಕ ಕೇಳುತ್ತಿದೆ. 2019ರಲ್ಲಿ ಅಮೆರಿಕದ 16,741 ಹಿರಿಯ ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು ಬಂತು. ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗೆ ಹೋಲಿಸಿದರೆ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. 7,500ರ ಹತ್ತಿರ ಬಂದ ಮೇಲೆ ಲಾಭ ಅಲ್ಲಿಗೇ ನಿಂತಿತು. ನಿಮ್ಮ ವಯಸ್ಸು ಮೂವತ್ತು ಇದ್ದರೆ ಲೆಕ್ಕ ಬೇರೆ ಇರಬಹುದು. ಆದರೆ ಹತ್ತು ಸಾವಿರಕ್ಕೆ ಸಾವಿರದ ಮುನ್ನೂರು ಕಡಿಮೆಯಾಯಿತು ಅಂತ ರಾತ್ರಿ ಸೋಫಾ ಸುತ್ತುವ ಅಗತ್ಯ ಯಾರಿಗೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೆಜ್ಜೆ ಎಣಿಸಲು ಹೇಳಿಲ್ಲ. ವಾರಕ್ಕೆ 150ರಿಂದ 300 ನಿಮಿಷ ಮೈ ಸ್ವಲ್ಪ ಬಿಸಿಯಾಗುವಂಥ ಚಟುವಟಿಕೆ ಇರಲಿ, ಅಷ್ಟಾಗದಿದ್ದರೆ ಆದಷ್ಟು ಮಾಡಿ, ಏನೂ ಮಾಡದಿರುವುದಕ್ಕಿಂತ ಅದೂ ಒಳ್ಳೆಯದೇ ಅನ್ನುತ್ತದೆ.

ದಿನಕ್ಕೆ ಎಂಟು ಲೋಟ ನೀರಿನ ಕಥೆಯೂ ಹೀಗೇ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ ದಿನಕ್ಕೆ ಎರಡೂವರೆ ಲೀಟರ್ ನೀರು ಸಾಕು ಅಂದಿತು. ಅದರಲ್ಲಿ ಹೆಚ್ಚಿನ ಪಾಲು ಊಟದಲ್ಲೇ ಸಿಗುತ್ತದೆ ಅಂತಲೂ ಮುಂದಿನ ಸಾಲಿನಲ್ಲಿ ಬರೆದಿತ್ತು. ಜನ ಮೊದಲ ಸಾಲು ಮಾತ್ರ ಓದಿದರು. ಸಾರು, ಮಜ್ಜಿಗೆ, ಕಾಫಿ, ಕಲ್ಲಂಗಡಿ ಎಲ್ಲವೂ ನೀರೇ ತಾನೆ? ಬಿಸಿಲಲ್ಲಿ ದುಡಿಯುವವರು, ಮೂತ್ರಪಿಂಡದಲ್ಲಿ ಕಲ್ಲಿರುವವರು ಜಾಸ್ತಿ ಕುಡಿಯಲೇಬೇಕು. ಉಳಿದವರು ಬಾಯಾರಿದಾಗ ಕುಡಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಇನ್ನು '21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ' ಅನ್ನುವ ಮಾತು. ಇದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಿಕೊಳ್ಳಲು ಕಡಿಮೆ ಅಂದರೂ 21 ದಿನ ಬೇಕು ಅಂತ 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುವಾಗ 'ಕಡಿಮೆ ಅಂದರೂ' ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿದರು. ಒಂದು ಸಣ್ಣ ಕೆಲಸ ತಾನಾಗಿಯೇ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರಿಗೆ 254 ದಿನ ಬೇಕಾದೀತು ಅನ್ನುವ ಲೆಕ್ಕ ಬಂತು. ಇಪ್ಪತ್ತೆರಡನೇ ದಿನ ನಿಮಗೆ ಇನ್ನೂ ಏಳಲು ಕಷ್ಟವಾದರೆ ನಿಮ್ಮಲ್ಲಿ ಏನೂ ಕೊರತೆಯಿಲ್ಲ ಅಂತ ಇದರ ಅರ್ಥ.

ಐದಕ್ಕೆ ಏಳುವ ನಿಯಮದ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಹಳ್ಳಿಯಲ್ಲಿ ಅಜ್ಜಿ ನಾಲ್ಕೂವರೆಗೆ ಏಳುತ್ತಿದ್ದರು, ನಿಜ. ಎಂಟೂವರೆಗೆ ಮಲಗುತ್ತಲೂ ಇದ್ದರು. ಹನ್ನೊಂದೂವರೆವರೆಗೆ ಮೊಬೈಲ್ ನೋಡಿ ಐದಕ್ಕೆ ಎದ್ದರೆ ಸಿಗುವುದು ಐದೂವರೆ ಗಂಟೆ ನಿದ್ದೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ಬೇಕು. ನಿಮಗೆ ಬೇಗ ಏಳುವ ಆಸೆಯಿದ್ದರೆ ಮಲಗುವ ಹೊತ್ತನ್ನು ಹಿಂದಕ್ಕೆ ತನ್ನಿ. ಅಲಾರಂ ಆಮೇಲೆ ನೋಡಿಕೊಳ್ಳಬಹುದು.

ಹಂತ 3: 'ಆರು ತಿಂಗಳು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ?'

ಇದೇ ಈ ಮಾರ್ಗದರ್ಶಿಯ ಮುಖ್ಯ ಪ್ರಶ್ನೆ. ಪ್ರತಿ ಸಾಲಿಗೂ ಕೇಳಿ. ಮೈಗೆ ಗೊತ್ತಾಗುತ್ತದಾ? ಮನೆಯವರಿಗಾ? ಕಿಸೆಗಾ? ಅಥವಾ ಮೊಬೈಲಿಗೆ ಮಾತ್ರವಾ?

ಗೆಳತಿಯ ಹಾಳೆಯಲ್ಲಿ ಉತ್ತರಗಳು ಹೀಗಿದ್ದವು. ಅಮ್ಮನಿಗೆ ಫೋನು ಬಿಟ್ಟರೆ ಮೂರನೇ ದಿನಕ್ಕೆ ಅಮ್ಮನಿಗೆ ಗೊತ್ತಾಗುತ್ತದೆ, ಅಕ್ಕನಿಗೆ ಫೋನ್ ಮಾಡಿ 'ಅವಳಿಗೆ ಹುಷಾರಿಲ್ವಾ?' ಅಂತ ಕೇಳುತ್ತಾರೆ. ನಡಿಗೆ ಬಿಟ್ಟರೆ ಮೊದಲು ಮಂಡಿಗೆ, ಆಮೇಲೆ ವರ್ಷದ ರಕ್ತ ಪರೀಕ್ಷೆಗೆ. ಅವರ ಮನೆಯಲ್ಲಿ ಮೂರು ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಜರ್ಮನ್ ಬಿಟ್ಟರೆ? ಡ್ಯುಯೊಲಿಂಗೊ ಆ್ಯಪಿನ ಆ ಹಸಿರು ಗೂಬೆಗೆ ಮಾತ್ರ. ಜರ್ಮನಿಗೆ ಹೋಗುವ ಯೋಚನೆ ಅವಳಿಗೆ ಇಲ್ಲ, ಜರ್ಮನ್ ಮಾತಾಡುವವರು ಪರಿಚಯವೂ ಇಲ್ಲ. ಲಾಕ್‌ಡೌನ್ ಹೊತ್ತಿನಲ್ಲಿ ಶುರು ಮಾಡಿದ್ದು, ದಿನಗಳ ಸಂಖ್ಯೆ ತಪ್ಪಬಾರದು ಅಂತ ಎಳೆದುಕೊಂಡು ಬಂದಿದ್ದಾಳೆ.

ವೀಣೆಯ ಹತ್ತಿರ ಬಂದಾಗ ಪೆನ್ನು ನಿಂತಿತು. ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ತನಗೆ ಗೊತ್ತಾಗುತ್ತದೆ ಅಂದಳು. ಇದೂ ಪಕ್ಕಾ ಉತ್ತರವೇ. 'ನನಗೆ ಕೊರತೆ ಅನ್ನಿಸುತ್ತದೆ' ಅನ್ನುವುದಕ್ಕೂ 'ನನಗೆ ಅಪರಾಧ ಅನ್ನಿಸುತ್ತದೆ' ಅನ್ನುವುದಕ್ಕೂ ವ್ಯತ್ಯಾಸ ನೋಡಿಕೊಳ್ಳಿ. ಮೊದಲನೆಯದು ಉಳಿಯಬೇಕಾದ ಕೆಲಸ. ಎರಡನೆಯದು ಮಾತ್ರ ಇದ್ದರೆ ಹೊರಡಬಹುದು.

ಹಂತ 4: ಹಾಳೆಯನ್ನು ಮೂರು ಮಾಡಿ

ಇಟ್ಟುಕೊಳ್ಳುವುದು, ಈಗ ಬೇಡ, ಬಿಟ್ಟುಬಿಡುವುದು. ಮಧ್ಯದ 'ಈಗ ಬೇಡ' ಬಹಳ ಉಪಕಾರಿ. ಮಗು ಎರಡು ವರ್ಷದ್ದಿರುವಾಗ, ಮನೆಯಲ್ಲಿ ಹಾಸಿಗೆ ಹಿಡಿದವರಿರುವಾಗ, ಮಾರ್ಚ್ ತಿಂಗಳ ಬ್ಯಾಂಕ್ ಲೆಕ್ಕದ ಹೊತ್ತಿನಲ್ಲಿ ಆಗದ್ದು ಎಂದೆಂದೂ ಆಗದು ಅಂತಲ್ಲ. ಪಕ್ಕದಲ್ಲಿ ಒಂದು ತಿಂಗಳ ಹೆಸರು ಬರೆದುಬಿಡಿ. 'ವೀಣೆ ಪಾಠ, ಜೂನ್.' ಅಲ್ಲಿಯವರೆಗೆ ವೀಣೆ ನೋಡಿದಾಗಲೆಲ್ಲ ನೊಂದುಕೊಳ್ಳುವ ಹಾಗಿಲ್ಲ.

ಬಿಟ್ಟುಬಿಡುವುದನ್ನು ಮನಸ್ಸಿನಲ್ಲೇ ಬಿಟ್ಟರೆ ಸಾಲದು, ಕೈಯಾರೆ ಬಿಡಬೇಕು. ಆ್ಯಪ್ ತೆಗೆದುಹಾಕಿ. ಅಲಾರಂ ಅಳಿಸಿ. ವ್ಯಾಯಾಮದ ಸೈಕಲನ್ನು ಮಾರಿ, ಇಲ್ಲವೇ ಬಟ್ಟೆ ಹರವುವ ಸ್ಟ್ಯಾಂಡ್ ಅಂತಲೇ ಒಪ್ಪಿಕೊಳ್ಳಿ. ಓದಲಾಗದ ಪುಸ್ತಕವನ್ನು ಓದುವವರಿಗೆ ಕೊಡಿ. ಅಪಾರ್ಟ್‌ಮೆಂಟಿನ ಹೆಜ್ಜೆ ಪೈಪೋಟಿಯ ವಾಟ್ಸ್‌ಆ್ಯಪ್ ಗುಂಪನ್ನು ಬಿಡಲು ಸಂಕೋಚವಾದರೆ ಸದ್ದು ಮುಚ್ಚಿ ಆರ್ಕೈವ್‌ಗೆ ತಳ್ಳಿ.

ಹಬ್ಬದ ವಿಷಯಕ್ಕೂ ಇದೇ ಮಾತು. ಗೌರಿ-ಗಣೇಶಕ್ಕೆ ಕಡುಬು, ಹೋಳಿಗೆ, ಚಕ್ಕುಲಿ, ಕೋಡುಬಳೆ ಎಲ್ಲ ಮನೆಯಲ್ಲೇ ಆಗಬೇಕು ಅಂತ ಎರಡು ರಾತ್ರಿ ನಿದ್ದೆಗೆಟ್ಟು, ಹಬ್ಬದ ದಿನ ಎಲ್ಲರ ಮೇಲೂ ಸಿಡುಕುವುದು ಎಷ್ಟು ಮನೆಗಳಲ್ಲಿ ನಡೆಯುವುದಿಲ್ಲ? ಕಡುಬು ಮನೆಯಲ್ಲಿ ಆಗಲಿ, ಮಕ್ಕಳು ಕೂತು ಹಿಟ್ಟು ತಟ್ಟಲಿ. ಹೋಳಿಗೆಯನ್ನು ಬೀದಿ ಕೊನೆಯ ಹೋಳಿಗೆ ಅಂಗಡಿಯಿಂದ ಬಿಸಿಬಿಸಿ ತಂದರೆ ಗಣಪತಿ ಬೇಡ ಅನ್ನುವುದಿಲ್ಲ. ಅತ್ತೆಯವರು ಏನಾದರೂ ಅಂದಾರು ಅನ್ನುವ ಭಯವಿದ್ದರೆ ಹಬ್ಬಕ್ಕೆ ವಾರ ಮೊದಲೇ 'ಅತ್ತೆ, ಈ ಸಲ ಹೋಳಿಗೆ ಹೊರಗಿಂದ ತರೋಣ, ಕಡುಬು ನಾವೇ ಮಾಡೋಣ' ಅಂತ ಹೇಳಿಟ್ಟುಬಿಡಿ. ಹಿಂದಿನ ರಾತ್ರಿ ಹೇಳಿದರೆ ಜಗಳ, ಮೊದಲೇ ಹೇಳಿದರೆ ಬರೀ ಮಾತು.

ಹಂತ 5: ಎರಡನ್ನು ಆರಿಸಿ, ಕೆಟ್ಟ ದಿನಕ್ಕೆ ತಕ್ಕಂತೆ ಅಳತೆ ಇಡಿ

ಎರಡೇ ಯಾಕೆ? ಮೂರನೆಯದು ಸೇರಿದ ಕೂಡಲೇ ಪಟ್ಟಿ ಮಾಡಬೇಕು ಅನ್ನಿಸುತ್ತದೆ, ಪಟ್ಟಿ ಬಂದರೆ ಟಿಕ್ ಹಾಕಬೇಕು ಅನ್ನಿಸುತ್ತದೆ, ಮತ್ತೆ ಹಳೆಯ ಕಥೆ. ಇದು ನನ್ನ ಅಭಿಪ್ರಾಯ, ಶಾಸ್ತ್ರ ಏನಲ್ಲ. ಒಂದು ಮೈಗೆ ಬೇಕಾದದ್ದು, ಇನ್ನೊಂದು ಮನಸ್ಸಿಗೋ ಮನೆಯವರಿಗೋ ಬೇಕಾದದ್ದು ಇದ್ದರೆ ಚೆನ್ನ. ಗೆಳತಿ ನಡಿಗೆ ಮತ್ತು ಅಮ್ಮನ ಫೋನು ಇಟ್ಟುಕೊಂಡಳು. ಎರಡನ್ನೂ ಸೇರಿಸಿಬಿಟ್ಟಳು. ಸಂಜೆ ಬ್ಯಾಂಕಿನಿಂದ ಮನೆಗೆ ನಡೆದುಕೊಂಡು ಬರುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಅಮ್ಮನ ಜೊತೆ ಮಾತು.

ಅಳತೆಯ ವಿಷಯದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಉಗಾದಿಯ ದಿನ, ಹೊಟ್ಟೆ ತುಂಬಿ ಮನಸ್ಸು ಉಲ್ಲಾಸವಾಗಿರುವಾಗ ಅಳತೆ ಇಡುತ್ತೇವೆ. ಆರಂಭಶೂರತ್ವಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅಭ್ಯಾಸ ಬದುಕಬೇಕಾಗಿರುವುದು ಆಷಾಢದ ಮಳೆಯಲ್ಲಿ, ಮಗುವಿಗೆ ಜ್ವರ ಬಂದ ದಿನ, ಕರೆಂಟ್ ಹೋಗಿ ಮಿಕ್ಸಿ ನಿಂತ ಬೆಳಿಗ್ಗೆ. ಆದ್ದರಿಂದ ಕಳೆದ ತಿಂಗಳ ನಿಮ್ಮ ಅತಿ ಕೆಟ್ಟ ದಿನವನ್ನು ನೆನಪಿಸಿಕೊಳ್ಳಿ. ಆ ದಿನವೂ ಆಗುತ್ತಿದ್ದ ಅಳತೆ ಎಷ್ಟು? ಹತ್ತು ನಿಮಿಷ ನಡಿಗೆ? ಎರಡು ಪುಟ ಓದು? ಅದನ್ನೇ ನಿಯಮ ಮಾಡಿ. ಜಾಸ್ತಿ ಆದ ದಿನ ಸಂತೋಷ ಪಡಿ, ಆದರೆ ನಿಯಮ ಏರಿಸಬೇಡಿ.

ಆಮೇಲೆ ಅದನ್ನು ಈಗಾಗಲೇ ನಡೆಯುತ್ತಿರುವ ಕೆಲಸಕ್ಕೆ ಕಟ್ಟಿಹಾಕಿ. 'ನಾಳೆಯಿಂದ ವ್ಯಾಯಾಮ' ಅನ್ನುವುದು ಗಾಳಿಯಲ್ಲಿ ತೇಲುವ ಮಾತು. 'ಮಗನನ್ನು ಸ್ಕೂಲ್ ಬಸ್ ಹತ್ತಿಸಿದ ಕೂಡಲೇ, ಮನೆಗೆ ಬರದೆ, ಪಾರ್ಕಿನ ಕಡೆ ಹೋಗಿ ಒಂದು ಸುತ್ತು' ಅಂದರೆ ಅದಕ್ಕೆ ಕಾಲು ಬರುತ್ತದೆ. 2002ರಲ್ಲಿ ಬ್ರಿಟನ್ನಿನ ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಪ್ರಯೋಗ ಇದನ್ನೇ ತೋರಿಸಿತು. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಅಂತ ಬರೆದಿಟ್ಟವರಲ್ಲಿ ನೂರಕ್ಕೆ 91 ಮಂದಿ ಆ ವಾರ ವ್ಯಾಯಾಮ ಮಾಡಿದರು. ವ್ಯಾಯಾಮದ ಲಾಭಗಳ ಬಗ್ಗೆ ಓದಿ ಉತ್ಸಾಹ ತುಂಬಿಕೊಂಡವರಲ್ಲಿ ಮಾಡಿದವರು ನೂರಕ್ಕೆ 40ಕ್ಕೂ ಕಡಿಮೆ. ಬೆಳಿಗ್ಗೆ ಸ್ಫೂರ್ತಿಯ ವಿಡಿಯೊ ನೋಡುವ ಹತ್ತು ನಿಮಿಷವನ್ನೂ ಇದರ ಮೇಲೆ ಉಳಿಸಬಹುದು.

ಹಂತ 6: ತಪ್ಪಿದ ದಿನಕ್ಕೆ ಮೊದಲೇ ಒಂದು ನಿಯಮ

ತಪ್ಪಿಯೇ ತಪ್ಪುತ್ತದೆ. ಮದುವೆ, ಸಾವು, ಪರೀಕ್ಷೆ, ಸುಮ್ನೆ ಬೇಜಾರು, ಏನೋ ಒಂದು. ಲ್ಯಾಲಿಯವರ ಅಧ್ಯಯನದಲ್ಲೇ ಇನ್ನೊಂದು ಸಂಗತಿ ಇದೆ: ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿ ಆಗಲಿಲ್ಲ. ಅಡ್ಡಿ ಆಗುವುದು ತಪ್ಪಿದ ಮೇಲೆ ನಾವು ಮಾಡುವ ರಂಪಾಟದಿಂದ.

1975ರ ಒಂದು ಪ್ರಯೋಗ ನೋಡಿ. ಊಟ ಕಟ್ಟುನಿಟ್ಟು ಮಾಡುತ್ತಿದ್ದವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಂ ರುಚಿ ನೋಡಿ ಹೇಳಿ ಅಂದರು. ಮಿಲ್ಕ್‌ಶೇಕ್ ಕುಡಿಯದವರಿಗಿಂತ ಕುಡಿದವರೇ ಐಸ್‌ಕ್ರೀಂ ಜಾಸ್ತಿ ತಿಂದರು. ಹೇಗೂ ಪಥ್ಯ ಕೆಟ್ಟಿತಲ್ಲ! ಒಂದು ಜಹಾಂಗೀರ್ ತಿಂದ ತಪ್ಪಿಗೆ ಪೊಟ್ಟಣವನ್ನೇ ಖಾಲಿ ಮಾಡುವ ಬುದ್ಧಿ ಇದು. ನಿಯಮ ಬಿಗಿಯಾದಷ್ಟೂ ಈ ಬುದ್ಧಿ ಜೋರು.

ಇನ್ನೊಂದು ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ್ದು, 2010ರಲ್ಲಿ ಬಂದದ್ದು. ಮೊದಲ ಪರೀಕ್ಷೆಗೆ ಓದದೆ ದಿನ ತಳ್ಳಿದ ವಿದ್ಯಾರ್ಥಿಗಳಲ್ಲಿ 'ಆಗಿದ್ದಾಯಿತು, ಬಿಡು' ಅಂತ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಸೋಮಾರಿತನ ಮಾಡಿದರು. ನಮಗೆ ಬೈಸಿಕೊಂಡೇ ಓದಿ ಅಭ್ಯಾಸ. ಹಾಗಾಗಿ ನಮ್ಮನ್ನು ನಾವೇ ಬೈದುಕೊಂಡರೆ ಕೆಲಸ ಆಗುತ್ತದೆ ಅಂದುಕೊಂಡಿದ್ದೇವೆ.

ನಿಯಮ ಸರಳ. ತಪ್ಪಿದ ಬಾಕಿಯನ್ನು ಮರುದಿನ ತೀರಿಸುವ ಹಾಗಿಲ್ಲ. ನಿನ್ನೆ ನಡೆಯಲಿಲ್ಲ ಅಂತ ಇವತ್ತು ಎರಡು ಪಟ್ಟು ನಡೆಯಬೇಡಿ, ಮಂಡಿ ನೋವು ಬಂದು ನಾಡಿದ್ದೂ ತಪ್ಪುತ್ತದೆ. ಮರುದಿನ ಅದೇ ಸಣ್ಣ ಅಳತೆ, ಅದೇ ಹೊತ್ತು. ವಾರಗಟ್ಟಲೆ ತಪ್ಪುತ್ತಿದ್ದರೆ ನಿಮ್ಮನ್ನು ಬೈದುಕೊಳ್ಳದೆ ಅಳತೆಯನ್ನೋ ಹೊತ್ತನ್ನೋ ಬದಲಿಸಿ. ಸಂಜೆ ನಡಿಗೆಗೆ ದಿನಾ ಮಳೆ ಅಡ್ಡ ಬಂದರೆ ಮಧ್ಯಾಹ್ನ ಊಟದ ಮೇಲೆ ಆಫೀಸಿನ ಮೆಟ್ಟಿಲು ಹತ್ತಬಹುದು.

ಹಂತ 7: ನಾಲ್ಕು ಜನರ ಬಾಯಿ

'ಏನು, ಯೋಗ ಬಿಟ್ಟೆಯಾ?' ಅಂತ ಕೇಳುವವರು ಇದ್ದೇ ಇರುತ್ತಾರೆ. 'ಹೂಂ, ಸದ್ಯಕ್ಕೆ ಬಿಟ್ಟಿದ್ದೇನೆ' ಅನ್ನಿ. ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ಅದಕ್ಕೊಂದು ಪರಿಹಾರ ಅವರ ಬಳಿ ರೆಡಿ ಇರುತ್ತದೆ. ಹೊಸ ಅಭ್ಯಾಸವನ್ನೂ ಸ್ಟೇಟಸ್‌ಗೆ ಹಾಕಬೇಡಿ, ನೋಡಿದವರೆಲ್ಲ ಲೆಕ್ಕ ಕೇಳಲು ಶುರು ಮಾಡುತ್ತಾರೆ.

ಇಷ್ಟೆಲ್ಲ ಇಳಿಸಿದ ಮೇಲೂ ಎದೆ ಮೇಲೆ ಕಲ್ಲಿಟ್ಟ ಹಾಗೆ ಇದ್ದರೆ, ನಿದ್ದೆ-ಊಟ ವಾರಗಟ್ಟಲೆ ಕೆಟ್ಟಿದ್ದರೆ, ಹಿಂದೆ ಖುಷಿ ಕೊಡುತ್ತಿದ್ದ ಯಾವುದೂ ಈಗ ಬೇಡ ಅನ್ನಿಸುತ್ತಿದ್ದರೆ, ಅದಕ್ಕೆ ಈ ಹಾಳೆ-ಪೆನ್ನು ಸಾಲದು. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹಂತ 8: ಕರೆಂಟ್ ಬಿಲ್ ಬಂದ ದಿನ ಮರುಪರಿಶೀಲನೆ

ಮರುಪರಿಶೀಲನೆಗೆ ಅಂತಲೇ ಒಂದು ರಿಮೈಂಡರ್ ಇಡಬೇಡಿ. ತಿಂಗಳಿಗೊಮ್ಮೆ ಕರೆಂಟ್ ಬಿಲ್ ಹೇಗೂ ಬರುತ್ತದೆ. ಅದನ್ನು ಕಟ್ಟಿದ ಕೂಡಲೇ ಹಾಳೆ ತೆಗೆದು ಮೂರು ವಿಷಯ ನೋಡಿ. ಇಟ್ಟುಕೊಂಡ ಎರಡು ನಡೆಯುತ್ತಿವೆಯಾ? ಬಿಟ್ಟಿದ್ದರಲ್ಲಿ ಯಾವುದಾದರೂ ನಿಜಕ್ಕೂ ಕೊರತೆ ಅನ್ನಿಸಿತಾ? 'ಈಗ ಬೇಡ' ಪಟ್ಟಿಯಲ್ಲಿ ಯಾವುದರ ತಿಂಗಳು ಬಂತು? ಐದು ನಿಮಿಷದ ಕೆಲಸ.

ಹೊಸದೊಂದು ಸೇರಿಸಬೇಕು ಅನ್ನಿಸಿದರೆ, ಮೊದಲಿನ ಎರಡರಲ್ಲಿ ಒಂದು ನೆನಪು ಮಾಡಿಕೊಳ್ಳದೆಯೇ ನಡೆಯುವಂತಾಗಿರಬೇಕು. ಹಲ್ಲುಜ್ಜುವುದನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲವಲ್ಲ, ಅಷ್ಟರಮಟ್ಟಿಗೆ. ಗೆಳತಿಯ ಸಂಜೆ ನಡಿಗೆ ಈಗ ಆ ಹಂತಕ್ಕೆ ಬಂದಿದೆ. ಆಟೊದವರು ಕರೆದರೂ ಹತ್ತುವುದಿಲ್ಲವಂತೆ. ಅದರ ಜಾಗಕ್ಕೆ ವೀಣೆ ಬಂದಿದೆ, ವಾರಕ್ಕೆ ಎರಡು ದಿನ, ಸರಳೆ ವರಸೆಯಿಂದ. ಸಿಂಕ್‌ನಲ್ಲಿ ರಾತ್ರಿ ಮೂರ್ನಾಲ್ಕು ಲೋಟ ಇರುತ್ತವೆ.